ಸಾಯಲು ಒಪ್ಪದ ಬಂಡಾಯಗಾರರು

ಪೊಲೀಸ್ ಕೆಲಸದಲ್ಲಿ ಮೂವತ್ತಮೂರು ವರ್ಷ ಇದ್ದು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದ ನನಗೆ ಸಿನಿಮಾದಲ್ಲಿ ಪಾರ್ಟು ಸಿಕ್ಕಿದ್ದು ಮೀಸೆಯಿಂದ. ಅವತ್ತು ಬಣಕಲ್‌ನಲ್ಲಿ ಮೂಡಿಗೆರೆ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಎದುರಿನ ಹೋಟೆಲಿನಿಂದ ಒಬ್ಬಳು ಹುಡುಗಿ ಚಹಾದ ಲೋಟ ಹಿಡಿದುಕೊಂಡೇ ರಸ್ತೆ ದಾಟಿ ಬಂದಳು. ನನ್ನ ಮುಖವನ್ನು ಎಡಗಡೆಯಿಂದ ಒಮ್ಮೆ, ಬಲಗಡೆಯಿಂದ ಒಮ್ಮೆ ನೋಡಿದಳು. ಜನರನ್ನು ಹಾಗೆ ನೋಡುವುದು ಇಷ್ಟು ವರ್ಷ ನನ್ನ ಕೆಲಸವಾಗಿತ್ತು. ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಸ್ವಲ್ಪ ಹೆದರಿಕೆಯೇ ಆಯಿತು.

"ಸರ್, ನಿಮಗೆ ಕುದುರೆ ಸವಾರಿ ಬರುತ್ತಾ?" ಅಂದಳು.

"ಎಂತಕ್ಕೆ?"

"ನೀವು ನನ್ನ ಸಿನಿಮಾದ ಹೀರೋ."

ಹುಡುಗಿ ಎಂದೆ, ಮೂವತ್ತು ದಾಟಿರಬೇಕು. ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಳು. ಚಿಕ್ಕಂದಿನಿಂದ ಅವಳಿಗೆ ಕೌಬಾಯ್ ಸಿನಿಮಾಗಳ ಹುಚ್ಚಂತೆ. ಟೋಪಿ, ಕುದುರೆ, ಕೋವಿ, ಧೂಳು. ಅಂಥದೊಂದು ಸಿನಿಮಾವನ್ನು ನಮ್ಮ ಕಾಫಿ ಗುಡ್ಡಗಳಲ್ಲಿ ಕನ್ನಡದಲ್ಲಿ ತೆಗೆಯಬೇಕೆಂದು ಹೊರಟಿದ್ದಳು. ಜೊತೆಗೆ ಕ್ಯಾಮೆರಾ ಹಿಡಿದ ಇಬ್ಬರು ಗೆಳತಿಯರು. ನಾವೆಲ್ಲ ಆಮೇಲೆ ಅವಳನ್ನು ಮೇಡಂ ಎಂದೇ ಕರೆದೆವು, ಆದ್ದರಿಂದ ಇಲ್ಲಿಯೂ ಹಾಗೇ ಬರೆಯುತ್ತೇನೆ.

ಬಸ್ಸು ಬಂದು ಹೋಯಿತು. ಮೇಡಂ ಅಲ್ಲೇ ನಿಂತು ನನಗೆ ಕಥೆ ಹೇಳಿದರು. ಒಂದು ಗುಡ್ಡದ ಊರು. ಊರಿನ ಗಾಡಿ ಹೊಡೆಯುವವರು ಹೊಳೆಗೆ ಹೋಗುವ ದಾರಿಗೆ ತೋಟದ ದೊರೆ ಗೇಟು ಹಾಕಿಸುತ್ತಾನೆ. ಊರವರು ತಿರುಗಿ ಬೀಳುತ್ತಾರೆ. ಅವರನ್ನು ಅಡಗಿಸಲು ಕುದುರೆಯ ಮೇಲೆ ಒಬ್ಬ ಕಾನೂನಿನ ಮನುಷ್ಯ ಬರುತ್ತಾನೆ, ಎದೆಯ ಮೇಲೆ ನಕ್ಷತ್ರ ಸಿಕ್ಕಿಸಿಕೊಂಡು. ಬಂದವನು ನಿಧಾನವಾಗಿ ಬಂಡಾಯದವರ ಕಡೆಗೇ ಸೇರಿಕೊಳ್ಳುತ್ತಾನೆ.

"ಸೇರಿಕೊಂಡ ಮೇಲೆ ಅವನಿಗೆ ಸಸ್ಪೆನ್ಷನ್ ಆಗಲ್ವಾ?" ಎಂದು ಕೇಳಿದೆ.

"ಈ ಪ್ರಶ್ನೆ ಕೇಳಿದ್ರಲ್ಲ ಸರ್, ಇದಕ್ಕೇ ನೀವು ಬೇಕು," ಅಂದರು ಮೇಡಂ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ಕೆಳಗಿಡದೆ, "ಮೂವತ್ತಮೂರು ವರ್ಷದಲ್ಲಿ ಓಡಿ ಒಬ್ಬ ಕಳ್ಳನ್ನ ಹಿಡಿದಿದ್ದು ನಾನಂತೂ ಕೇಳಿಲ್ಲ. ಈಗ ಕುದುರೆ ಮೇಲೆ ಹೋಗಿ ಹಿಡೀತೀರಾ?" ಎಂದು ಕೇಳಿದಳು. ಆದರೆ ಸಂಜೆ ಅಕ್ಕಪಕ್ಕದ ನಾಲ್ಕು ಮನೆಗೂ ಸುದ್ದಿ ಮುಟ್ಟಿಸಿದ್ದು ಅವಳೇ.

ಫೆಬ್ರವರಿ ತಿಂಗಳು. ಬಾಳೂರಿನ ಮೇಲಿನ ಗುಡ್ಡಗಳಲ್ಲಿ ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಕಲ್ಲುಬಂಡೆ, ಒಣಹುಲ್ಲು, ಮೇಲೆ ಬರೀ ಆಕಾಶ. ಅಲ್ಲಿ ನಿಂತರೆ ಕೆಳಗೆ ಕಾಫಿ ತೋಟ ಇದೆ ಎಂಬುದೇ ಮರೆತುಹೋಗುತ್ತದೆ. ಬಂಡಾಯಗಾರರ ಪಾರ್ಟಿಗೆ ಬಾಳೂರಿನ ಜೀಪ್ ಡ್ರೈವರುಗಳು ಹನ್ನೊಂದು ಜನ ಒಪ್ಪಿಕೊಂಡಿದ್ದರು. ಶನಿವಾರ, ಭಾನುವಾರ ಅವರು ಪ್ರವಾಸಿಗರನ್ನು ಗುಡ್ಡಕ್ಕೆ ಹತ್ತಿಸಬೇಕು, ಹಾಗಾಗಿ ಬಂಡಾಯವೆಲ್ಲ ಸೋಮವಾರದಿಂದ ಗುರುವಾರದೊಳಗೆ ಮುಗಿಯಬೇಕೆಂದು ಮೊದಲೇ ಮಾತಾಗಿತ್ತು.

ಬಂಡಾಯದ ನಾಯಕನ ಪಾರ್ಟು ಬಣಕಲ್‌ನಲ್ಲಿ ಜೀಪ್ ಗ್ಯಾರೇಜ್ ಇಟ್ಟುಕೊಂಡಿರುವ ಭಾಯಿಯದು. ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಎತ್ತರದ ಆಳು, ಬಿಳಿ ಗಡ್ಡ, ಮಾತು ಬಹಳ ಕಡಿಮೆ. ಡ್ರೈವರುಗಳೆಲ್ಲ ಅವರು ಹೇಳಿದರೆ ಮಾತ್ರ ಕೇಳುತ್ತಾರೆ, ಯಾಕೆಂದರೆ ಎಲ್ಲರ ಜೀಪುಗಳೂ ಅವರ ಕೈಯಿಂದಲೇ ಓಡುತ್ತಿವೆ. ಮೇಡಂ ಭಾಯಿಯ ಹೆಸರು ಹೇಳಿದಾಗ ನನಗೆ ಒಳಗೊಳಗೇ ಕಸಿವಿಸಿಯಾಯಿತು. ನಮ್ಮಿಬ್ಬರದು ಹಳೆಯ ಪರಿಚಯ. ಆ ವಿಷಯ ಬರಬೇಕಾದಲ್ಲಿ ಬರುತ್ತದೆ.

ಮೊದಲ ದಿನ ವೇಷ. ಚಿಕ್ಕಮಗಳೂರಿನಲ್ಲಿ ಪ್ರವಾಸಿಗರಿಗೆಂದು ಮಾರುವ ಅಗಲ ಅಂಚಿನ ಟೋಪಿಯೊಂದನ್ನು ತಂದಿದ್ದರು. ಅದರ ಮುಂಭಾಗದಲ್ಲಿ ಕೆಂಪು ದಾರದಿಂದ ಊರಿನ ಹೆಸರು ಹೊಲಿದಿತ್ತು. ನನ್ನ ಹೆಂಡತಿ ಕೂತು ದಾರ ಬಿಚ್ಚಿದಳು. 'ಮಗಳೂರು' ಸಲೀಸಾಗಿ ಬಿಚ್ಚಿತು, 'ಚಿಕ್ಕ' ಏನು ಮಾಡಿದರೂ ಬರಲಿಲ್ಲ. ಹಣೆಯ ಮೇಲೆ ಚಿಕ್ಕ ಎಂದು ಬರೆದುಕೊಂಡು ಬಂಡಾಯ ಅಡಗಿಸಲು ಹೋಗುವುದು ಹೇಗೆ? ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡೆ. ನಕ್ಷತ್ರವನ್ನು ಭಾಯಿಯೇ ಗ್ಯಾರೇಜಿನಲ್ಲಿ ತಗಡು ಕತ್ತರಿಸಿ ಮಾಡಿದ್ದರು. ಐದೂ ಮೂಲೆ ಚೂಪು. ಸ್ವಲ್ಪ ಬಗ್ಗಿದರೆ ಎದೆಗೆ ಚುಚ್ಚುತ್ತಿತ್ತು. ಹಾಗಾಗಿ ಇಡೀ ಸಿನಿಮಾದಲ್ಲಿ ನಾನು ನೆಟ್ಟಗೆ ನಿಂತಿದ್ದೇನೆ. ಅದನ್ನು ನೋಡಿದ ಎಷ್ಟೋ ಜನ, ಎಂಥ ಪೊಲೀಸ್ ಠೀವಿ ಎಂದು ಹೊಗಳಿದ್ದಾರೆ.

ಕೋವಿಗಳು ಮರದವು. ನಿಜವಾದ ಕೋವಿ ತರುತ್ತೇವೆಂದು ಇಬ್ಬರು ಮುಂದೆ ಬಂದಿದ್ದರು. ನಾನು ಒಪ್ಪಲಿಲ್ಲ. ನಿವೃತ್ತನಾದರೂ ಕೆಲವು ಭಯಗಳು ನಿವೃತ್ತವಾಗುವುದಿಲ್ಲ. ಗುಂಡಿನ ಸದ್ದನ್ನು ಆಮೇಲೆ ಸೇರಿಸುತ್ತೇವೆ, ಸುಮ್ಮನೆ ಗುರಿ ಇಟ್ಟು ಟ್ರಿಗರ್ ಎಳೆದ ಹಾಗೆ ಮಾಡಿದರೆ ಸಾಕು ಎಂದು ಮೇಡಂ ನೂರು ಸಲ ಹೇಳಿದರು. ಆದರೆ ಡ್ರೈವರುಗಳಿಗೆ ಬಾಯಲ್ಲಿ "ಢಂ" ಅನ್ನದೆ ಕೋವಿ ಹಾರಿಸಲು ಬರಲೇ ಇಲ್ಲ. ತುಟಿ ಬಿಗಿ ಹಿಡಿದುಕೊಂಡರೆ ಕೆನ್ನೆ ಉಬ್ಬುತ್ತಿತ್ತು. ಕೊನೆಗೆ ಎಲ್ಲರ ಮುಖಕ್ಕೂ ಕರ್ಚೀಫು ಕಟ್ಟಿಸಿದರು.

ಎಲ್ಲಕ್ಕಿಂತ ದೊಡ್ಡ ತೊಂದರೆ ನನ್ನ ಕುದುರೆ. ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತು ಹೊಡೆಯುವ ಬಿಳಿ ಕುದುರೆ ಅದು, ಸಾಧು ಪ್ರಾಣಿ. ಅದರ ಮಾಲೀಕ ಹಗ್ಗ ಹಿಡಿದುಕೊಂಡು ನನ್ನನ್ನು ಅರ್ಧ ದಿನ ತಿರುಗಿಸಿದ. ಬೀಳದೆ ಕೂರುವುದನ್ನು ಕಲಿತೆ. ಇನ್ನೇನು ಓಡಿಸಬಹುದು ಎಂದು ಮೇಡಂ ಕ್ಯಾಮೆರಾ ಇಡಿಸಿದರು. ಕುದುರೆ ಹತ್ತು ಹೆಜ್ಜೆ ಓಡಿತು. ಕ್ಯಾಮೆರಾ ಕಂಡದ್ದೇ ತಡ, ಗಕ್ಕನೆ ನಿಂತು, ಕತ್ತು ಸ್ವಲ್ಪ ಓರೆ ಮಾಡಿ, ಅಲುಗಾಡದೆ ನಿಂತುಬಿಟ್ಟಿತು. ನಾನು ಅದರ ಕತ್ತಿನ ಮೇಲೆ ಬಂದು ಬಿದ್ದೆ.

"ಎಂತ ಮಾರಾಯ, ನಿಂತುಬಿಡ್ತಲ್ಲ?" ಅಂದೆ ಮಾಲೀಕನಿಗೆ.

"ಫೋಟೋ ತೆಗೀತಾರೆ ಅಂತ ನಿಂತಿದೆ ಸಾರ್. ಆರು ವರ್ಷದಿಂದ ಅದಕ್ಕೆ ಅದೇ ಅಭ್ಯಾಸ. ತೆಗೆದಾಯ್ತು ಅಂತ ಬೆನ್ನು ತಟ್ಟೋವರೆಗೆ ಹೋಗಲ್ಲ."

ಹೊಡೆದರೂ ಹೋಗಲಿಲ್ಲ, ಬೆಲ್ಲ ತೋರಿಸಿದರೂ ಹೋಗಲಿಲ್ಲ. ಅಷ್ಟು ಶಿಸ್ತು ನನ್ನ ಸರ್ವೀಸಿನಲ್ಲಿ ಯಾವ ಕಾನ್‌ಸ್ಟೇಬಲ್‌ನಲ್ಲೂ ನಾನು ಕಂಡಿಲ್ಲ. ಕೊನೆಗೆ ಕ್ಯಾಮೆರಾದವರನ್ನು ಒಂದು ಜೀಪಿನ ಹಿಂಭಾಗದಲ್ಲಿ ಕೂರಿಸಿ, ಮುಂದೆ ಕಾಫಿ ಗೋಣಿಚೀಲ ಇಳಿಬಿಟ್ಟು, ಚೀಲಕ್ಕೆ ತೂತು ಮಾಡಿ, ಅದರೊಳಗಿಂದ ತೆಗೆದರು. ಜೀಪು ಮುಂದೆ, ಕುದುರೆ ಹಿಂದೆ. ಅದು ಗೋಣಿಚೀಲದಲ್ಲಿ ಹುರುಳಿ ಇದೆ ಎಂದುಕೊಂಡು ಅಟ್ಟಿಸಿಕೊಂಡು ಬಂತು. ಸಿನಿಮಾದಲ್ಲಿ ನಾನು ಕೋಪದಿಂದ ಕುದುರೆ ಓಡಿಸಿಕೊಂಡು ಬರುವ ಹಾಗೆ ಕಾಣುತ್ತದೆ. ಅದು ಕೋಪವಲ್ಲ.

ಹೀಗೆ ಒಂದು ವಾರ ಕಳೆಯಿತು. ನಾನು ಬಂದೆ, ಗೇಟಿನ ಮುಂದೆ ನಿಂತೆ, ಬಂಡಾಯದವರಿಗೆ ಎಚ್ಚರಿಕೆ ಕೊಟ್ಟೆ, ಭಾಯಿಯ ಕೈಗೆ ಬೇಡಿ ಹಾಕಿದೆ, ಆಮೇಲೆ ಮನಸ್ಸು ಬದಲಿಸಿ ಬೇಡಿ ಬಿಚ್ಚಿದೆ. ಬೇಡಿ ಬಿಚ್ಚುವಾಗ ಭಾಯಿ ಒಂದು ಉದ್ದನೆಯ ಮಾತು ಹೇಳಬೇಕಿತ್ತು, ನೆಲ, ಜಲ, ನೆತ್ತರು ಎಂದೆಲ್ಲ ಇತ್ತು ಅದರಲ್ಲಿ. ಭಾಯಿ ಕಾಗದವನ್ನು ಎರಡು ಸಲ ಓದಿ ಮಡಚಿ ಜೇಬಿಗೆ ಇಟ್ಟುಕೊಂಡರು. ಕ್ಯಾಮೆರಾ ಶುರುವಾದಾಗ ನನ್ನ ಮುಖ ನೋಡಿ, "ದಾರಿ ಬೇಕು. ಬೇರೆ ಎಂತದೂ ಬೇಡ," ಅಂದರು. ಮೇಡಂ ಅದನ್ನೇ ಇಟ್ಟುಕೊಂಡರು.

ಎರಡನೆಯ ವಾರದ ಬುಧವಾರ ಕೊನೆಯ ಕಾಳಗ. ಮೇಡಂ ಬರೆದುಕೊಂಡಿದ್ದ ಪ್ರಕಾರ ದೊರೆಯ ಜನ ಬಂಡೆಯ ಹಿಂದಿನಿಂದ ಗುಂಡು ಹಾರಿಸುತ್ತಾರೆ, ಹನ್ನೊಂದು ಬಂಡಾಯಗಾರರೂ ಭಾಯಿಯೂ ಒಬ್ಬೊಬ್ಬರಾಗಿ ಬಿದ್ದು ಸಾಯುತ್ತಾರೆ. ಉಳಿಯುವವನು ನಾನೊಬ್ಬನೇ. ಎಲ್ಲರನ್ನೂ ಮಣ್ಣು ಮಾಡಿ, ನಕ್ಷತ್ರವನ್ನು ಕಿತ್ತು ಗೇಟಿಗೆ ಎಸೆದು, ಒಂಟಿಯಾಗಿ ಗುಡ್ಡ ಇಳಿದು ಹೋಗಬೇಕು. ಅದಕ್ಕೆ ಮುಂಚೆ ಊಟ. ನನ್ನ ಹೆಂಡತಿ ಕಡುಬು ಮಾಡಿಕೊಂಡು ಬಂದಿದ್ದಳು. ಕೋಳಿ ಸಾರು ಭಾಯಿಯ ಮನೆಯಿಂದ ಬಂದಿತ್ತು. ಎರಡು ಪಾತ್ರೆಯೂ ಜೀಪಿನಲ್ಲಿ ಬಿಸಿಯಾಗಿ ಕೂತಿದ್ದವು. ಮೇಡಂ, ಬಿಸಿಲು ಚೆನ್ನಾಗಿದೆ, ಊಟಕ್ಕೆ ಮುಂಚೆ ಮೊದಲನೆಯ ಸಾವು ಮುಗಿಸಿಬಿಡೋಣ ಅಂದರು.

ಮೊದಲು ಸಾಯಬೇಕಾದವನು ಡ್ರೈವರುಗಳಲ್ಲೇ ಚೂಟಿಯಾದವನು. ಸಾಯುವುದನ್ನು ಅವನು ಜೀಪಿನ ಬಾನೆಟ್ ಮೇಲೆ ನಾಲ್ಕು ದಿನ ಅಭ್ಯಾಸ ಮಾಡಿದ್ದ. ಅಂಗಿಯೊಳಗೆ ಬೀಟ್‌ರೂಟ್ ರಸದ ಪ್ಲಾಸ್ಟಿಕ್ ಪೊಟ್ಟಣ ಇಟ್ಟಿದ್ದರು. ಮೇಡಂ ಕೈ ಎತ್ತಿದರು. ಅವನು ಎದೆ ಹಿಡಿದುಕೊಂಡ, ಪೊಟ್ಟಣ ಒಡೆಯಿತು, ಎರಡು ಸುತ್ತು ತಿರುಗಿ, ಮೊಣಕಾಲೂರಿ, ಆಕಾಶ ನೋಡಿ, ಬಹಳ ಚೆನ್ನಾಗಿ ಸತ್ತ. ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು.

ಆಗ ಗುಡ್ಡದ ಬುಡದಿಂದ ಒಂದು ಕೂಗು ಬಂತು. ಅವನ ಅಮ್ಮ. ಮಗನ ಶೂಟಿಂಗ್ ನೋಡೋಣ ಎಂದು ಮಜ್ಜಿಗೆಯ ಕ್ಯಾನು ಹಿಡಿದುಕೊಂಡು ಅವತ್ತೇ ಮೊದಲ ಸಲ ಹತ್ತಿಕೊಂಡು ಬಂದಿದ್ದರು. ಅವರು ಕಂಡಿದ್ದು ಇಷ್ಟು: ಮಗ ನೆತ್ತರು ಸುರಿಸಿಕೊಂಡು ಬಿದ್ದಿದ್ದಾನೆ, ಸುತ್ತ ಕೋವಿ ಹಿಡಿದ ಜನ.

ಅಷ್ಟು ವಯಸ್ಸಾದ ಹೆಂಗಸು ಆ ಏರನ್ನು ಹಾಗೆ ಓಡಿ ಹತ್ತಿದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಕ್ಯಾಮೆರಾವನ್ನು ದಾಟಿಕೊಂಡು ಹೋಗಿ ಮಗನ ತಲೆ ಎತ್ತಿದರು. ಅವನು ಕಣ್ಣು ಮುಚ್ಚಿಕೊಂಡೇ, "ಅಮ್ಮಾ, ಶಾಟ್ ನಡೀತಾ ಇದೆ, ಬಿಡು," ಅಂದ. ಅವರು ಬೆರಳಿನಿಂದ ರಸ ಮುಟ್ಟಿ ಮೂಸಿ ನೋಡಿದರು. ಬೀಟ್‌ರೂಟ್ ಎಂದು ಗೊತ್ತಾಯಿತು. ಗೊತ್ತಾದ ಮೇಲೆ ಅವರ ಸಿಟ್ಟು ಇನ್ನೂ ಹೆಚ್ಚಾಯಿತು.

"ಯಾರ್ರೀ ಇವ್ನನ್ನ ಸಾಯಿಸಿದ್ದು?"

ಮೇಡಂ ಮುಂದೆ ಬಂದರು. "ಅಮ್ಮಾ, ಇದು ಸಿನಿಮಾ. ದುರಂತ ಕಥೆ. ಕೊನೇಲಿ ಇವ್ರೆಲ್ಲ ಸಾಯ್ಲೇಬೇಕು."

"ಇವ್ನು ಜ್ವರ ಬಂದು ಎಂಟು ದಿನ ಆಸ್ಪತ್ರೇಲಿ ಬಿದ್ದಿದ್ದಾಗ ನಾನು ಹೊರನಾಡಮ್ಮನಿಗೆ ಹರಕೆ ಹೊತ್ತು ಉಳಿಸ್ಕೊಂಡಿದೀನಿ. ನೀವು ಊಟಕ್ಕೆ ಮುಂಚೆ ಸಾಯಿಸ್ತೀರಾ? ದುರಂತ ಬೇಕಾದ್ರೆ ನಿಮ್ಮ ಮನೆಯೋರನ್ನ ಕರ್ಕೊಂಡ್ ಬಂದು ಸಾಯಿಸ್ಕೊಳ್ಳಿ. ನನ್ನ ಮಗ ಸಾಯಲ್ಲ."

"ಕಾಲಿಗೆ ಗುಂಡು ಬೀಳೋ ಹಾಗೆ ಮಾಡೋಣ್ವಾ?" ಎಂದು ಕ್ಯಾಮೆರಾದ ಹುಡುಗಿ ಮೆಲ್ಲಗೆ ಕೇಳಿದಳು.

ಅಮ್ಮ ಯೋಚಿಸಿದರು. "ಯಾವ ಕಾಲು?"

"ಎಡಗಾಲು."

"ಅದು ಕ್ಲಚ್ ಕಾಲು. ಆಗಲ್ಲ."

ಇಷ್ಟರಲ್ಲಿ ಉಳಿದ ಹತ್ತು ಜನರ ತಲೆಯಲ್ಲೂ ಹುಳ ಹೊಕ್ಕಿತು. ಅವನು ಸಾಯದಿದ್ದರೆ ನಾವು ಯಾಕೆ ಸಾಯಬೇಕು? ಒಬ್ಬನ ಹೆಂಡತಿ ಬಸುರಿ. ಇನ್ನೊಬ್ಬನಿಗೆ ಹೆಣ್ಣು ನೋಡುತ್ತಿದ್ದರು, ಪರದೆಯ ಮೇಲೆ ಸತ್ತದ್ದನ್ನು ಕಂಡ ಹೆಣ್ಣಿನ ಕಡೆಯವರು ಏನೆಂದುಕೊಳ್ಳುತ್ತಾರೆ? ಮತ್ತೊಬ್ಬ, ತನಗೆ ಸಾಯಲು ತಕರಾರಿಲ್ಲ, ಆದರೆ ಏಳನೆಯವನಾಗಿ ಅಲ್ಲ, ಕೊನೆಯವನಾಗಿ ಸಾಯುತ್ತೇನೆ ಅಂದ. ಮಾತು ಬೆಳೆಯಿತು. ಹನ್ನೊಂದು ಜನವೂ ಕೋವಿಗಳನ್ನು ರಾಶಿ ಹಾಕಿ, ಜೀಪುಗಳಲ್ಲಿ ಹೋಗಿ ಕೂತು, ಬಾಗಿಲು ಹಾಕಿಕೊಂಡರು. ಭಾಯಿಯೂ ಹೋಗಿ ಮುಂದಿನ ಜೀಪಿನ ಬಂಪರಿನ ಮೇಲೆ ಕೂತರು.

ಮೇಡಂ ನನ್ನ ಹತ್ತಿರ ಬಂದರು. ಮುಖದಲ್ಲಿ ನೀರಿಳಿಯುತ್ತಿತ್ತು. "ಸರ್, ನೀವೇ ಹೋಗಿ ಮಾತಾಡಿ. ನೀವು ಪೊಲೀಸು. ನಿಮ್ಮ ಮಾತು ಕೇಳ್ತಾರೆ."

ಜನರ ಗುಂಪನ್ನು ಸಮಾಧಾನ ಮಾಡಲು ನನ್ನನ್ನು ಕಳಿಸಿದ್ದು ಅದೇನು ಮೊದಲ ಸಲವಲ್ಲ. ಅದಕ್ಕೆ ನನ್ನದೇ ಒಂದು ಕ್ರಮವಿತ್ತು. ಹೋಗುವುದು, ಕೂರುವುದು, ಅವರಿಗೆ ಸುಸ್ತಾಗುವವರೆಗೆ ಮಾತಾಡಲು ಬಿಡುವುದು. ಟೋಪಿ ಸರಿ ಮಾಡಿಕೊಂಡು, ನಕ್ಷತ್ರ ಚುಚ್ಚದ ಹಾಗೆ ಎದೆ ಸೆಟೆಸಿ ನಡೆದುಕೊಂಡು ಹೋದೆ. ಡ್ರೈವರುಗಳು ಜೀಪಿನೊಳಗಿಂದ ನೋಡುತ್ತಿದ್ದರು. ಭಾಯಿಯ ಮುಂದೆ ನಿಂತೆ.

"ಎಂತ ಭಾಯಿ ಇದು? ಸಿನಿಮಾದಲ್ಲಿ ಸತ್ರೆ ಯಾರಾದ್ರೂ ಸಾಯ್ತಾರಾ?"

"ಇಲ್ಲ."

"ಮತ್ತೆ?"

ಭಾಯಿ ನನ್ನ ಎದೆಯ ಮೇಲಿನ ತಗಡನ್ನು ನೋಡಿ ಹೇಳಿದರು: "ಒಂದು ಮಾತು ಕೇಳ್ತೀನಿ ದಫೇದಾರ್ರೇ. ಹನ್ನೆರಡು ಜನ ಸಾಯ್ತೀವಿ. ನೀವೊಬ್ರೇ ಯಾಕೆ ಉಳೀತೀರಿ? ಪೊಲೀಸ್ನೋರು ಅಂತಾನಾ?"

ನಮ್ಮ ಕಡೆ ಹಳಬರು ಹೆಡ್ ಕಾನ್‌ಸ್ಟೇಬಲ್‌ನನ್ನು ದಫೇದಾರ್ರು ಎಂದೇ ಕರೆಯುತ್ತಾರೆ. ಭಾಯಿ ಹತ್ತು ದಿನದಲ್ಲಿ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಅದಕ್ಕೆ ಮುಂಚೆ ಹಾಗೆ ಕರೆದದ್ದು ಎಷ್ಟೋ ವರ್ಷದ ಹಿಂದೆ, ಘಟ್ಟದ ರಸ್ತೆಯ ಮೇಲೆ.

ಆಗ ನಾನು ಬೇರೊಂದು ಠಾಣೆಯಲ್ಲಿದ್ದೆ. ಒಂದು ಬೆಳಿಗ್ಗೆ ಕಾಫಿ ಕೊಯ್ಲಿಗೆ ಹೋಗುತ್ತಿದ್ದ ಹೆಂಗಸೊಬ್ಬಳನ್ನು ಆನೆ ತುಳಿದಿತ್ತು. ಜನ ಹೆಣವನ್ನು ರಸ್ತೆಯಲ್ಲಿಟ್ಟುಕೊಂಡು ಕೂತರು. ಎರಡೂ ಕಡೆ ಬಸ್ಸು, ಲಾರಿ ಸಾಲುಗಟ್ಟಿದವು. ಹೆಣವನ್ನು ತೋಟದಿಂದ ತಂದದ್ದು ಭಾಯಿಯ ಜೀಪು, ಅದು ರಸ್ತೆಗೆ ಅಡ್ಡ ನಿಂತಿತ್ತು. ಅಲ್ಲಿ ಕೂತವರೆಲ್ಲ ನನಗೆ ಗೊತ್ತಿದ್ದವರೇ. ಸತ್ತವಳೂ ಗೊತ್ತಿದ್ದವಳೇ. ಅವಳ ಕೈಚೀಲದಲ್ಲಿ ಮಧ್ಯಾಹ್ನದ ರೊಟ್ಟಿ ಇತ್ತು. ಅವರ ಜೊತೆ ನಾನೂ ಕೂತುಬಿಡಬೇಕು ಎಂದು ಬಲವಾಗಿ ಅನ್ನಿಸಿತು. ಕೂರಲಿಲ್ಲ. ಮುಂದೆ ನಿಂತವರ ಹೆಸರು ಬರೆದುಕೋ ಎಂದು ಸಾಹೇಬರು ಹೇಳಿದ್ದರು, ಬರೆದುಕೊಂಡೆ. ಭಾಯಿ ಅವತ್ತು, "ದಫೇದಾರ್ರೇ, ನಾನು ಹೆಣ ತಂದೋನು ಅಷ್ಟೆ," ಅಂದಿದ್ದರು. ಜೀಪು ಅಡ್ಡ ಇತ್ತಲ್ಲ, ಅವರ ಹೆಸರನ್ನೂ ಬರೆದೆ. ಕೇಸು ಕೆಲವು ವರ್ಷ ನಡೆದು ಎಲ್ಲರೂ ಬಿಡುಗಡೆಯಾದರು. ಆಮೇಲೆ ನಾನು ಬಣಕಲ್‌ನಲ್ಲೇ ಮನೆ ಕಟ್ಟಿದೆ. ಪ್ರತಿ ದಿನ ಗ್ಯಾರೇಜಿನ ಮುಂದೆ ಹಾದು ಹೋಗುತ್ತಿದ್ದೆ. ಭಾಯಿ ತಲೆ ಆಡಿಸುತ್ತಿದ್ದರು, ನಾನೂ ಆಡಿಸುತ್ತಿದ್ದೆ. ಅಷ್ಟೇ.

ಈಗ ಅವರು ಬಂಪರಿನ ಮೇಲೆ ಕೂತು ಉತ್ತರಕ್ಕೆ ಕಾಯುತ್ತಿದ್ದರು. ಪಕ್ಕದಲ್ಲಿ ಸ್ವಲ್ಪ ಜಾಗವಿತ್ತು. ಕೂತೆ. ಕೂತದ್ದೇ ನಕ್ಷತ್ರ ಚುಚ್ಚಿತು, ಅಯ್ಯೋ ಅಂದೆ. ಭಾಯಿ ಕೈ ಚಾಚಿ ಅದನ್ನು ತೆಗೆದು ನನ್ನ ಜೇಬಿಗೆ ಹಾಕಿದರು. ಜೀಪಿನೊಳಗಿನಿಂದ ಯಾರೋ ಶಿಳ್ಳೆ ಹೊಡೆದರು.

ಕಾಲು ಗಂಟೆಯಾದರೂ ನಾನು ಏಳದ್ದನ್ನು ನೋಡಿ ಮೇಡಂ ಬಂದರು. "ಏನಾಯ್ತು ಸರ್?"

"ಯಾರನ್ನೂ ಸಾಯಿಸೋ ಹಾಗಿಲ್ಲ ಮೇಡಂ," ಅಂದೆ. "ಸಾಯಲೇಬೇಕು ಅಂದ್ರೆ ನಾನೊಬ್ನೇ ಸಾಯ್ತೀನಿ."

"ನಿಮ್ಮನ್ನ ಸಮಾಧಾನ ಮಾಡೋಕೆ ಕಳಿಸಿದ್ದಲ್ವಾ ನಾನು!"

"ಹೌದು. ನನಗೇ ಸಮಾಧಾನ ಆಗ್ಲಿಲ್ಲ."

ಮೇಡಂ ತಲೆಯ ಮೇಲೆ ಕೈ ಹೊತ್ತು ಒಂದು ಕಲ್ಲಿನ ಮೇಲೆ ಕೂತರು. ಅಳುತ್ತಾರೇನೋ ಎಂದುಕೊಂಡೆವು. ಡ್ರೈವರನ ಅಮ್ಮ ಒಂದು ಲೋಟ ಮಜ್ಜಿಗೆ ಕೊಟ್ಟರು, ಸಿಟ್ಟು ಬೇರೆ, ಮಜ್ಜಿಗೆ ಬೇರೆ ಎನ್ನುವ ಮುಖ ಮಾಡಿಕೊಂಡು. ಮೇಡಂ ಅರ್ಧ ಕುಡಿದು, ಲೋಟ ಹಿಡಿದುಕೊಂಡೇ ಎದ್ದು ನಿಂತರು. ಗೇಟನ್ನು ನೋಡಿದರು, ನನ್ನನ್ನು ನೋಡಿದರು. "ಗೇಟು ತೆಗೆಯೋಕೆ ಹೋಗಿ ಇವ್ರು ಗುಂಡು ತಿಂತಾರೆ. ಇವ್ರನ್ನ ಹೊತ್ಕೊಂಡು ಎಲ್ಲರೂ ಅದೇ ಗೇಟು ದಾಟಿ ಹೊಳೆಗೆ ಹೋಗ್ತಾರೆ," ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಇದ್ದಕ್ಕಿದ್ದಂತೆ ನನ್ನ ಹೆಂಡತಿಯ ಕಡೆ ತಿರುಗಿ, "ಆಂಟೀ, ಅಂಕಲ್ ಸಾಯೋದಕ್ಕೆ ನಿಮ್ಮದೇನೂ ಅಭ್ಯಂತರ ಇಲ್ವಲ್ಲ?" ಅಂದರು.

ನನ್ನ ಹೆಂಡತಿ ಕಡುಬಿನ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಳು. "ಸಾಯ್ಲಿ ಬಿಡಿ ಮೇಡಂ. ಊಟ ಆರಿ ಹೋಗೋದ್ರೊಳಗೆ ಎದ್ದು ಬಂದ್ರೆ ಸಾಕು."

ಊಟ ಮಾಡಿಯೇ ಸತ್ತೆ. ಎಂಟು ಕಡುಬು ತಿಂದಿದ್ದೆ, ಹಾಗಾಗಿ ಬೀಳುವುದು ಸುಲಭವಾಯಿತು. ಗೇಟಿನ ಚಿಲಕಕ್ಕೆ ಕೈ ಹಾಕಿದೆ, ಗುಂಡು ಬಿತ್ತು, ಜಾರಿ ಕೂತು ಮಲಗಿದೆ. ಬಿಳಿ ಕುದುರೆ ಕ್ಯಾಮೆರಾ ಕಂಡು ನನ್ನ ಪಕ್ಕಕ್ಕೆ ಬಂದು ಕತ್ತು ಓರೆ ಮಾಡಿ ನಿಂತಿತು. ಪ್ರಾಣಿಯ ದುಃಖ ಎಷ್ಟು ಚೆನ್ನಾಗಿ ಬಂದಿದೆ ಎಂದು ಆಮೇಲೆ ಯಾರೋ ಬರೆದರಂತೆ.

ಭಾಯಿ ಬಂದು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಕ್ಯಾಮೆರಾ ದೂರದಲ್ಲಿತ್ತು. "ಏನಾದ್ರೂ ಮಾತಾಡಿ ಭಾಯಿ, ಸದ್ದು ತಗೊಳ್ಳಲ್ಲ, ತುಟಿ ಅಲ್ಲಾಡಿದ್ರೆ ಸಾಕು. ದುಃಖದ್ದು ಏನಾದ್ರೂ ನೆನಪು ಮಾಡ್ಕೊಳ್ಳಿ," ಎಂದು ಮೇಡಂ ಕೂಗಿ ಹೇಳಿದರು. ನನ್ನ ಕುತ್ತಿಗೆಯ ಹತ್ತಿರ ಒಂದು ಇರುವೆ ಹರಿಯುತ್ತಿತ್ತು. ಕಣ್ಣು ಮುಚ್ಚಿಕೊಂಡು ಬಿದ್ದಿದ್ದೆ.

ಭಾಯಿ ಮೆಲ್ಲಗೆ ಶುರು ಮಾಡಿದರು.

"ಹೆಸರು ಬರ್ಕೊಂಡ್ರಿ, ಅದಕ್ಕೆ ಬೇಜಾರಿಲ್ಲ ದಫೇದಾರ್ರೇ. ನೀವು ಬರೀದಿದ್ರೆ ಇನ್ನೊಬ್ರು ಬರೀತಿದ್ರು. ಆದ್ರೆ ತಂದೆ ಹೆಸರು ಅಂತ ಇರೋ ಜಾಗದಲ್ಲಿ ನೀವು ನನ್ನ ಕೇಳ್ಲಿಲ್ಲ. ನನ್ನ ಜೀಪಿನ ಮೇಲೆ ಬರೆಸಿದ್ದ ಹೆಸರನ್ನ ಬರೆದ್ರಿ. ಅದು ನನ್ನ ಮಗಳ ಹೆಸರು."

ನಾನು ಸತ್ತಿದ್ದೆ. ಉತ್ತರ ಕೊಡುವ ಹಾಗಿರಲಿಲ್ಲ.

"ಕೋರ್ಟಲ್ಲಿ ಪ್ರತಿ ಸಲ ನನ್ನನ್ನ ನನ್ನ ಮಗಳ ಮಗ ಅಂತ ಕೂಗ್ತಿದ್ರು. ಮೂರು ಮೂರು ಸಲ. ವರಾಂಡದಲ್ಲಿದ್ದೋರೆಲ್ಲ ನಗ್ತಿದ್ರು. ಅವಳಿಗಾಗ ನಾಲ್ಕು ವರ್ಷ. ಮನೆಗೆ ಬಂದು ಅವಳಿಗೆ ಹೇಳಿದ್ರೆ ಅವಳಿಗೆ ಬಾಳ ಖುಷಿ. ನನ್ನನ್ನ ಮಗನೇ ಅಂತ ಕರೆಯೋಕೆ ಶುರು ಮಾಡಿದ್ಲು. ಈಗ ಮದುವೆಯಾಗಿ ಮೂಡಿಗೆರೇಲಿದಾಳೆ, ಫೋನ್ ಮಾಡಿದ್ರೆ ಇವತ್ತಿಗೂ ಅದೇ. ಊಟ ಆಯ್ತಾ ಮಗನೇ ಅಂತಾಳೆ."

ಅವರ ದನಿ ಒಂದಿಷ್ಟು ನಡುಗಿತು. ನಗುತ್ತಿದ್ದರೋ ಅಳುತ್ತಿದ್ದರೋ, ಕಣ್ಣು ಬಿಟ್ಟು ನೋಡುವ ಹಾಗಿಲ್ಲ. ನನ್ನ ಮುಚ್ಚಿದ ಕಣ್ಣಿನಿಂದ ನೀರು ಹರಿದು ಕಿವಿಯೊಳಗೆ ಇಳಿಯಿತು. ತಡೆಯಲು ನೋಡಿದೆ, ಆಗಲಿಲ್ಲ. ಹೊಟ್ಟೆಯೂ ಕುಲುಕಲು ಶುರುವಾಯಿತು.

"ಕಟ್! ಕಟ್!" ಎಂದು ಮೇಡಂ ಕಿರುಚಿದರು. "ಅಂಕಲ್, ಸತ್ತೋರು ಅಳಬಾರದು!"

ಎದ್ದು ಕೂತೆ. ಇರುವೆ ತೆಗೆದೆ. ಭಾಯಿ ತಮ್ಮ ಕರ್ಚೀಫು ಕೊಟ್ಟರು.

"ಕೇಳಿ ಬರೀಬೇಕಿತ್ತು," ಅಂದೆ. "ಕೇಳೋಕೆ ಮುಖ ಇರ್ಲಿಲ್ಲ ಭಾಯಿ. ನಿಮ್ಮ ಕಡೆ ನೋಡದೆ ಜೀಪಿನ ಕಡೆ ನೋಡ್ಕೊಂಡು ಬರೆದೆ."

"ಗೊತ್ತು," ಅಂದರು. "ಈಗ ಸರಿಯಾಗಿ ಸಾಯಿ ಮಾರಾಯ. ಬಿಸಿಲು ಹೋಗ್ತಾ ಇದೆ."

ಮೂವತ್ತಮೂರು ವರ್ಷ 'ಸಾರ್', 'ದಫೇದಾರ್ರು' ಎಂದು ಕರೆಸಿಕೊಂಡವನನ್ನು ಅವರು ಏಕವಚನದಲ್ಲಿ ಮಾರಾಯ ಅಂದರು. ಎರಡನೆಯ ಸಲ ಸರಿಯಾಗಿ ಸತ್ತೆ. ಹನ್ನೊಂದು ಜನ ಡ್ರೈವರುಗಳು ನನ್ನನ್ನು ಹೊತ್ತು ಗೇಟು ದಾಟಿದರು. ಎಂಟು ಕಡುಬಿನ ಭಾರಕ್ಕೆ ಅವರ ಮುಖದಲ್ಲಿ ಬಂದ ಸಂಕಟ ನಿಜವಾದದ್ದು. ಅಮ್ಮನೂ ಹಿಂದೆ ಮಜ್ಜಿಗೆಯ ಕ್ಯಾನು ಹಿಡಿದುಕೊಂಡು ನಡೆದರು. ಯಾರೂ ಹೇಳಿರಲಿಲ್ಲ. ಮೇಡಂ ಅದನ್ನೂ ತೆಗೆದುಕೊಂಡರು.

ಮಳೆಗಾಲ ಕಳೆದ ಮೇಲೆ ಚಿಕ್ಕಮಗಳೂರಿನ ಸಭಾಂಗಣವೊಂದರಲ್ಲಿ ಸಿನಿಮಾ ತೋರಿಸಿದರು. ಎರಡು ಜೀಪು ತುಂಬ ನಾವು ಹೋದೆವು. ಮುಗಿದ ಮೇಲೆ ನಮ್ಮನ್ನು ವೇದಿಕೆಗೆ ಕರೆದು ಸಾಲಾಗಿ ಕೂರಿಸಿದರು. ಕಾಲೇಜಿನ ಹುಡುಗಿಯೊಬ್ಬಳು ಎದ್ದು ನನ್ನನ್ನು ಕೇಳಿದಳು: "ಸರ್, ನೀವು ನಿಜವಾಗ್ಲೂ ಪೊಲೀಸ್ ಆಗಿದ್ರಂತೆ. ಸಿನಿಮಾದಲ್ಲಿ ಆ ಕಡೆ ಸೇರಿದ ಹಾಗೆ ನಿಜ ಜೀವನದಲ್ಲಿ ಸೇರ್ತಿದ್ರಾ?"

ಮೈಕು ಕೈಯಲ್ಲಿತ್ತು. ಸುಳ್ಳು ಹೇಳಬಹುದಿತ್ತು. "ಒಂದು ಸಲ ಸಂದರ್ಭ ಬಂದಿತ್ತು. ಸೇರಲಿಲ್ಲ," ಅಂದೆ. ಪಕ್ಕದಲ್ಲಿ ಕೂತಿದ್ದ ಭಾಯಿ ನನ್ನ ಕೈಯಿಂದ ಮೈಕು ತೆಗೆದುಕೊಂಡರು. ಅಷ್ಟು ಜನರ ಮುಂದೆ ಅವರು ಮಾತಾಡುವವರಲ್ಲ. ಒಮ್ಮೆ ಕೆಮ್ಮಿ, "ಊಟದ ವ್ಯವಸ್ಥೆ ಎಲ್ಲಿದೆ ಅಂತ ಯಾರಾದ್ರೂ ಹೇಳ್ತೀರಾ?" ಅಂದರು. ಇಡೀ ಸಭಾಂಗಣ ನಕ್ಕಿತು, ಎಲ್ಲರೂ ಎದ್ದರು.

ಈಗ ಭಾಯಿ ವಾರಕ್ಕೊಮ್ಮೆಯಾದರೂ ನಮ್ಮ ಮನೆಗೆ ಬರುತ್ತಾರೆ. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತೇವೆ. ಮಾತು ಹೆಚ್ಚು ಇರುವುದಿಲ್ಲ. ಕಳೆದ ತಿಂಗಳು ನಮ್ಮ ಮಿಕ್ಸಿ ಕೆಟ್ಟಿತ್ತು. ತಾನು ನೋಡುತ್ತೇನೆ ಎಂದು ಚೀಲದಲ್ಲಿ ಹಾಕಿಕೊಂಡು ಹೋದರು. ಇವತ್ತಿನವರೆಗೂ ತಂದುಕೊಟ್ಟಿಲ್ಲ. ನನ್ನ ಹೆಂಡತಿ ಒರಳಿನಲ್ಲಿ ಚಟ್ನಿ ಅರೆಯುತ್ತ ದಿನಾ ಬೈಯುತ್ತಾಳೆ, ಹೋಗಿ ಕೇಳಿ ಎನ್ನುತ್ತಾಳೆ. ನಾನು ಗ್ಯಾರೇಜಿನವರೆಗೆ ಹೋಗುತ್ತೇನೆ. ಒಂದು ಸ್ಟೂಲಿನ ಮೇಲೆ ಕೂತು, ಅವರು ಜೀಪಿನ ಕೆಳಗೆ ಮಲಗಿ ಕೆಲಸ ಮಾಡುವುದನ್ನು ನೋಡುತ್ತ, ಕೇಳಿದಾಗ ಸ್ಪ್ಯಾನರ್ ಕೊಟ್ಟು, ಮಿಕ್ಸಿಯ ವಿಷಯ ಎತ್ತದೆ ವಾಪಸು ಬರುತ್ತೇನೆ.